ರುದ್ರಪ್ಪನ ಭರಣಿ ತೆರೆಯಲಿಲ್ಲ

ಯಂತ್ರ ಕೆಟ್ಟರೆ ಸದ್ದು ಮಾಡಬೇಕು. ಗರಗರ ಅನ್ನಬೇಕು, ಹೊಗೆ ಬಿಡಬೇಕು, ಕೊನೆಗೆ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಎರಡು ಸಾಲಾದರೂ ಬೈಯಬೇಕು. ಅಂಥ ಯಂತ್ರದ ಜೊತೆ ನಾನು ಹೇಗೋ ಬಾಳುವೆ ಮಾಡಬಲ್ಲೆ. ಏನೂ ಹೇಳದೆ ಸುಮ್ಮನೆ ಕೂತುಬಿಡುವ ಯಂತ್ರ ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಆ ಗುರುವಾರ ಬೆಳಿಗ್ಗೆ ಹತ್ತೂ ಕಾಲಿಗೆ ನಮ್ಮ ಕಣ್ಣಾಸ್ಪತ್ರೆಯ ಮುದ್ರಣ ಕೋಣೆಯಲ್ಲಿ ಆದದ್ದು ಅದೇ. ರುದ್ರಪ್ಪ ಚಿಲ್ಲಾಳರ ಭರಣಿಯನ್ನು ಕಂಪ್ಯೂಟರಿನ ಕಿಂಡಿಗೆ ಸಿಕ್ಕಿಸಿದೆ. ಭರಣಿಯ ಹಸಿರು ದೀಪ ಹತ್ತಿತು. ಪರದೆಯ ಮೇಲೆ ಏನೂ ಬರಲಿಲ್ಲ.

ಭರಣಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ ಒಂದು ದೊಡ್ಡ ಕಳ್ಳತನವಾಯಿತು. ಕಳುವಾದದ್ದು ಬಂಗಾರವಲ್ಲ, ಜನರ ದೇಹದ ನಕ್ಷೆಗಳು. ಯಾರದೋ ಹೃದಯದ ಬಡಿತ, ಯಾರದೋ ಕಣ್ಣಿನ ಬಾಗು, ಯಾರದೋ ಮೂಳೆಯ ಅಳತೆ ಎಲ್ಲವೂ ನೆಟ್‌ವರ್ಕ್ ಮೇಲೆ ಮಾರಾಟಕ್ಕೆ ಬಂದವು. ಆಮೇಲೆ ಬಂದ ಕಾಯ್ದೆ ಸರಳವಾಗಿತ್ತು. ದೇಹದ ನಕ್ಷೆ ತಂತಿಯ ಮೇಲೂ ಹೋಗಕೂಡದು, ಗಾಳಿಯಲ್ಲೂ ಹೋಗಕೂಡದು. ಯಾರ ದೇಹವೋ ಅವರ ಕೈಯಲ್ಲಿ, ಇಲ್ಲವೇ ಅವರ ಮನೆಯವರ ಕೈಯಲ್ಲಿ ಹೋಗಬೇಕು. ಅಳತೆ ತೆಗೆದ ಲ್ಯಾಬಿನವರು ಒಂದು ಡ್ರೈವಿಗೆ ನಕ್ಷೆ ಬರೆದುಕೊಟ್ಟು, ತಮ್ಮಲ್ಲಿದ್ದುದನ್ನು ಅಳಿಸಿಬಿಡಬೇಕು. ನಡುವೆ ಬೇರೆ ಯಾರೂ ಅದರಲ್ಲಿ ಒಂದಕ್ಷರ ಬರೆಯಕೂಡದು. ಬರೆದರೆ ಚಿಕಿತ್ಸೆಯ ಸರದಿ ಹೋಗುತ್ತದೆ. ಕೆಲಸ ಮುಗಿದ ಮೇಲೆ ಡ್ರೈವನ್ನು ಲ್ಯಾಬಿಗೆ ವಾಪಸು ಮಾಡಬೇಕು, ಇನ್ನೊಬ್ಬರಿಗೆ ಬೇಕಾಗುತ್ತದೆ.

ಸರ್ಕಾರ ಆ ಡ್ರೈವಿಗೆ ಇಟ್ಟ ಹೆಸರು ಒಂದೇ ಉಸಿರಿಗೆ ಹೇಳಿ ಮುಗಿಯುವಂಥದ್ದಲ್ಲ. ಉಕ್ಕಿನ ಕವಚ, ಗುಂಡನೆಯ ಹೊಟ್ಟೆ, ತಿರುವಿ ತೆಗೆಯುವ ಮುಚ್ಚಳ. ನೋಡಿದರೆ ಥೇಟ್ ಕುಂಕುಮದ ಭರಣಿ. ಜನ ಭರಣಿ ಎಂದೇ ಕರೆದರು, ಕೊನೆಗೆ ನಮ್ಮ ಕಚೇರಿಯ ಕಾಗದಗಳಲ್ಲೂ ಅದೇ ಉಳಿಯಿತು. ಹೆಂಗಸರು ಅದಕ್ಕೆ ಸಣ್ಣ ಚೀಲ ಹೊಲಿದರು. ಬಸ್ಸಿನಲ್ಲಿ "ಭರಣಿ ಐತ್ರಿ" ಎಂದರೆ ಎಂಥ ಒರಟ ಕಂಡಕ್ಟರನೂ ಎದ್ದು ಜಾಗ ಮಾಡಿಕೊಡುತ್ತಿದ್ದ. ಒಬ್ಬಾಕೆ ಕಳ್ಳರ ಭಯಕ್ಕೆ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು, ಮರೆತು, ಅಕ್ಕಿಯ ಜೊತೆ ಬೇಯಿಸಿ ತಂದಿದ್ದಳು. ಅಗುಳು ಒರೆಸಿ ಸಿಕ್ಕಿಸಿದೆ, ತೆರೆಯಿತು. ಅವತ್ತಿನಿಂದ ಭರಣಿಯ ಮೇಲೆ ನನಗೆ ಅತಿ ನಂಬಿಕೆ ಬಂದುಬಿಟ್ಟಿತ್ತು, ಅದೇ ತಪ್ಪು.

ನಾನು ಕಸ್ತೂರಿ ಹಾದಿಮನಿ. ಇಪ್ಪತ್ತೆರಡು ವರ್ಷದಿಂದ ಈ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ನಮ್ಮಲ್ಲಿರುವುದೆಲ್ಲ ಲಿನಕ್ಸ್. ಅದರಲ್ಲಿ ಡ್ರೈವ್ ಸಿಕ್ಕಿಸಿದಾಗ ಮೂರು ಕೆಲಸ ನಡೆಯುತ್ತವೆ. ಮೊದಲು ಕರ್ನೆಲ್, ಅಂದರೆ ಒಳಗಿನ ಯಜಮಾನ, ಯಾರೋ ಬಂದರು ಎಂದು ಗುರುತಿಸುತ್ತಾನೆ. ಆಮೇಲೆ ನಾನು ಬರೆದಿಟ್ಟ ಒಂದು ನಿಯಮ ಬಂದವರ ಹೆಸರು, ಗುರುತಿನ ಸಂಖ್ಯೆ ವಿಚಾರಿಸುತ್ತದೆ. ಎಲ್ಲ ಸರಿ ಇದ್ದರೆ ಡ್ರೈವಿನೊಳಗೆ ಇರುವುದನ್ನು ಸಿಸ್ಟಮ್ಮಿನ ಕಡತಗಳ ಸಾಲಿಗೆ ಜೋಡಿಸುತ್ತದೆ. ಈ ಜೋಡಣೆಗೇ ಮೌಂಟ್ ಮಾಡುವುದು ಅನ್ನುವುದು. ಇಷ್ಟೂ ಒಂದು ಸೀನು ಸೀನುವುದರೊಳಗೆ ತಾನಾಗಿಯೇ ಆಗಿಬಿಡಬೇಕು. ಮೂರು ವರ್ಷದಿಂದ ಆಗುತ್ತಲೂ ಇತ್ತು.

"ಬಂತೇನ್ರಿ ಕಸ್ತೂರಕ್ಕ?" ಗಾಜಿನ ಆಚೆಯಿಂದ ಡಾಕ್ಟರ್ ಮನಿಯಾರ ಕೇಳಿದರು. ವಿಜಯಪುರದ ಹುಡುಗ, ಕೆಲಸದಲ್ಲಿ ಗಟ್ಟಿ, ತಾಳ್ಮೆ ಸ್ವಲ್ಪ ಕಮ್ಮಿ.

"ಇಲ್ಲ. ಬರತೈತಿ, ತಡೀರಿ."

"ತಡ್ಯಾಕ ಆಗಂಗಿಲ್ಲಲ್ರಿ. ಕೋಶ ಆಗಲೇ ಬೆಚ್ಚಗ ಮಾಡೇನಿ."

ರುದ್ರಪ್ಪ ಸೀರೆ ನೇಯುವವರು, ಐವತ್ತೆಂಟು ವರ್ಷ. ಹೋದ ವರ್ಷ ನೂಲಿಗೆ ಬಣ್ಣ ಹಾಕುವಾಗ ಕಾಸ್ಟಿಕ್ ಸೋಡಾದ ನೀರು ಸಿಡಿದು ಬಲಗಣ್ಣು ಪೂರ್ತಿ ಹೋಗಿತ್ತು, ಎಡಗಣ್ಣಿಗೆ ಬಿಳಿ ಪೊರೆ ಕಟ್ಟಿತ್ತು. ಬೆಳಕು, ಕತ್ತಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಎಡಗಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಜಾಗದಲ್ಲಿ ಮಾತ್ರ ಜೀವ ಉಳಿದಿತ್ತು. ಅಲ್ಲಿಂದ ಜೀವಕೋಶ ತೆಗೆದು, ಎರಡು ತಿಂಗಳು ಹುಬ್ಬಳ್ಳಿಯ ಲ್ಯಾಬಿನಲ್ಲಿ ಬೆಳೆಸಿ, ಮಂಜಿನ ಡಬ್ಬಿಯಲ್ಲಿ ತರಿಸಿದ್ದೆವು. ಅವನ್ನು ಬೆಚ್ಚಗೆ ಮಾಡಿದ ಮೇಲೆ ನಾಲ್ಕು ತಾಸು ಬದುಕುತ್ತವೆ. ಅಷ್ಟರೊಳಗೆ ನಮ್ಮ ಯಂತ್ರ ಅವುಗಳಿಂದ ಹೊಸ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಗಾಜಿನಂಥ ಪೊರೆಯನ್ನು, ಪದರ ಪದರವಾಗಿ ಮುದ್ರಿಸಬೇಕು. ಆ ಪೊರೆ ಎಲ್ಲಿ ಎಷ್ಟು ಬಾಗಬೇಕು ಎಂಬ ನಕ್ಷೆ ಇದ್ದದ್ದು ಈ ಭರಣಿಯಲ್ಲಿ. ಈ ಕೋಶ ಸತ್ತರೆ ಇನ್ನೊಮ್ಮೆ ತೆಗೆಯಲು ಆ ಕಣ್ಣಿನಲ್ಲಿ ಏನೂ ಉಳಿದಿರಲಿಲ್ಲ.

ಭರಣಿ ತೆರೆಯುವ ಮೊದಲೇ ಕೋಶ ಬೆಚ್ಚಗೆ ಮಾಡಿದರಲ್ಲ ಎಂದು ಡಾಕ್ಟರ ಮೇಲೆ ಕೂಗಾಡಲು ಬಾಯಿ ತೆರೆದೆ. ಮುಚ್ಚಿಕೊಂಡೆ. ಎರಡೂ ಕೆಲಸ ಒಟ್ಟಿಗೆ ಶುರು ಮಾಡಿ, ಹೊತ್ತು ಉಳಿಯುತ್ತದೆ ಅಂತ ಬರೆದು ಗೋಡೆಗೆ ಅಂಟಿಸಿದವಳು ನಾನೇ.

ಗಡಿಯಾರ ನೋಡಿದೆ. ಎರಡೂ ಹತ್ತಕ್ಕೆ ಗಡುವು.

ಮೊದಲು ಕಿಂಡಿಯ ಮೇಲೆ ಅನುಮಾನ ಪಟ್ಟೆ. ನನ್ನ ಜೇಬಿನ ಡ್ರೈವ್ ಸಿಕ್ಕಿಸಿದೆ, ತೆರೆಯಿತು. ಹಾಗಾದರೆ ಕಿಂಡಿ ಸರಿ, ನಿಯಮವೂ ಸರಿ. ಭರಣಿಯೇ ಸತ್ತಿದೆಯೋ ಅಂತ ಕರ್ನೆಲ್ಲಿನ ದಿನಚರಿ ತೆರೆದೆ. ಸತ್ತಿರಲಿಲ್ಲ. ಬಂದದ್ದು ಇಂಥ ಭರಣಿ, ಇಷ್ಟು ದೊಡ್ಡದು, ಒಳಗೆ ಒಂದೇ ಭಾಗ ಇದೆ ಎಂದು ಯಜಮಾನ ಶಿಸ್ತಾಗಿ ಬರೆದಿದ್ದ. ಅಂದರೆ ಬಾಗಿಲವರೆಗೆ ಬಂದವರನ್ನು ಯಾರೋ ಒಳಗೆ ಬಿಡುತ್ತಿಲ್ಲ. ಇನ್ನೂ ನಾಲ್ಕು ಸಾಲು ಕೆಳಗೆ ಇಳಿದಾಗ ಸಿಕ್ಕಿತು: ಹಿಂದಿನ ಬರಹ ಮುಗಿದಿಲ್ಲ, ಜೋಡಿಸುವುದಿಲ್ಲ.

ಇದನ್ನು ಪರದೆಯ ಮೇಲೆ ಹೇಳಲು ಏನು ಧಾಡಿಯಾಗಿತ್ತೋ ಅದಕ್ಕೆ. ಡ್ರೈವಿನಲ್ಲಿ ಏನಾದರೂ ಬರೆಯಲು ಶುರು ಮಾಡುವ ಮೊದಲು ಕಂಪ್ಯೂಟರ್ ಅದರ ಮೇಲೆ ಒಂದು ಗುರುತು ಹಾಕುತ್ತದೆ, ಬರೆದು ಮುಗಿಸಿದ ಮೇಲೆ ಅಳಿಸುತ್ತದೆ. ಒಳಗೆ ಯಾರೋ ಇದ್ದಾರೆ ಎಂದು ಬಾಗಿಲ ಮುಂದಿನ ಚಪ್ಪಲಿ ಹೇಳುವುದಿಲ್ಲವೆ, ಹಾಗೆ. ಬರೆಯುತ್ತಿರುವಾಗಲೇ ಡ್ರೈವ್ ಕಿತ್ತುಬಿಟ್ಟರೆ ಗುರುತು ಹಾಗೇ ಉಳಿಯುತ್ತದೆ. ಅಂಥ ಡ್ರೈವನ್ನು ಆಸ್ಪತ್ರೆಯ ಯಂತ್ರ ಮುಟ್ಟಬಾರದು ಎಂದು ನಿಯಮ ಮಾಡಿದವಳೂ ನಾನೇ, ಅದು ಮಾತ್ರ ಸರಿಯಾದ ನಿಯಮ.

ಕೊನೆಯ ಬರಹದ ಹೊತ್ತು ನೋಡಿದೆ. ನಿನ್ನೆ ಸಂಜೆ ಆರೂ ಇಪ್ಪತ್ತು. ಲ್ಯಾಬಿನವರು ಕೊಟ್ಟ ಚೀಟಿಯಲ್ಲಿ ನಕ್ಷೆ ಬರೆದದ್ದು ಸೋಮವಾರ ಮಧ್ಯಾಹ್ನ ಎಂದಿತ್ತು. ನಿನ್ನೆ ಸಂಜೆ ಭರಣಿ ಇದ್ದದ್ದು ರುದ್ರಪ್ಪನವರ ಮನೆಯಲ್ಲಿ.

ಪಕ್ಕದ ಕೋಣೆಗೆ ಹೋದೆ. ರುದ್ರಪ್ಪ ಕಣ್ಣಿಗೆ ಔಷಧಿ ಬಿಡಿಸಿಕೊಂಡು ಮಲಗಿದ್ದರು. ಹೆಂಡತಿ ಸಾವಂತ್ರೆವ್ವ ಪಕ್ಕದ ಸ್ಟೂಲಿನ ಮೇಲೆ, ಮಡಿಲಲ್ಲಿ ಖಾಲಿ ಚೀಲ ಇಟ್ಟುಕೊಂಡು ಕೂತಿದ್ದರು.

"ಸಾವಂತ್ರೆವ್ವ, ನಿನ್ನೆ ಭರಣಿ ಯಾವುದಕ್ಕರ ಹಚ್ಚಿದ್ರೇನು?"

"ಇಲ್ರಿ ಅಕ್ಕಾರ."

"ಯಾರರ ಬಂದು ತಗೊಂಡಿದ್ರೇನು?"

"ದೇವರ ಮಾಡದಾಗ ಇಟ್ಟಿದ್ನಿರಿ. ಬೆಳಿಗ್ಗೆ ತಗದು ಚೀಲಕ್ಕ ಹಾಕ್ಕೊಂಡ ಬಂದ್ನಿ."

ಉತ್ತರ ಬೇಗ ಬಂತು, ಬೇಕಾದ್ದಕ್ಕಿಂತ ಬೇಗ. ಆದರೆ ಜಗ್ಗಾಡುತ್ತ ಕೂರಲು ಹೊತ್ತಿರಲಿಲ್ಲ.

"ಒತ್ತಾಯ ಮಾಡಿ ತಗೀರಿ," ಎಂದರು ಮನಿಯಾರ. "ಹಂಗ ತಗ್ಯಾಕ ಬರತೈತಿ ಅಂತ ನೀವ ಹೇಳಿದ್ರಿ."

"ಬರತೈತಿ. ಒತ್ತಾಯ ಮಾಡಿದ್ರ ಅದು ಒಳಗ ಕಸ ಗುಡಿಸಿ, ಅರ್ಧ ಆಗಿದ್ದೆಲ್ಲ ಹೊರಗ ಒಗದು, ಎಲ್ಲಾ ಸರಿ ಐತಿ ಅಂತ ಹೇಳತೈತಿ. ಒಗದದ್ದು ಇವರ ಕಣ್ಣಿನ ನಕ್ಷೆ ಆಗಿದ್ರ? ಬಾಗು ಒಂದ ಕೂದಲೆಳಿ ಸರದ್ರ ನೀವೇನ ಮಾಡ್ತೀರಿ?"

ಡಾಕ್ಟರು ಕೋಶದ ಪಾತ್ರೆಯ ಕಡೆ ನೋಡಿದರು.

ಇಂಥ ಹೊತ್ತಿನಲ್ಲಿ ಮಾಡುವ ಕೆಲಸ ಒಂದೇ. ಮೂಲವನ್ನು ಮುಟ್ಟಬಾರದು. ಇದ್ದದ್ದನ್ನು ಇದ್ದ ಹಾಗೆ, ಚೂರೂ ಬಿಡದೆ ನಕಲು ತೆಗೆದು, ಏನು ಮಾಡುವುದಿದ್ದರೂ ನಕಲಿನ ಮೇಲೆ ಮಾಡಬೇಕು. ಭರಣಿ ಗಟ್ಟಿ, ಆದರೆ ನಿಧಾನ. ನಕಲು ಮುಗಿಯಲು ಐವತ್ತು ನಿಮಿಷ ಹಿಡಿಯಿತು. ಆ ಐವತ್ತು ನಿಮಿಷ ನಾನು ಪರದೆಯ ಮುಂದೆ ಕೂತು ಅಂಕಿ ಏರುವುದನ್ನು ನೋಡಿದ್ದೇ ನೋಡಿದ್ದು. ಎದ್ದು ನೀರು ಕುಡಿಯಲೂ ಹೆದರಿಕೆ.

ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ನಕಲನ್ನು, ಓದಲು ಮಾತ್ರ ಬರುವಂತೆ, ತೆರೆದೆ. ಕಣ್ಣಿನ ನಕ್ಷೆಯ ಕಡತ ಇತ್ತು. ಮುಕ್ಕಾಲು ಭಾಗ ಚೆನ್ನಾಗಿ ಓದಿಕೊಂಡಿತು. ಆಮೇಲೆ ದಾರಿ ತಪ್ಪಿತು.

ಅದು ಏಕೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹತ್ತಾರು ಮಂದಿ ಬಳಸಿ ಅಲ್ಲಲ್ಲಿ ಸವೆದ ಭರಣಿ. ಬರೆಯಲು ಬರುವ ಜಾಗ ಒಂದೇ ಕಡೆ ಇರದೆ ಅಲ್ಲಲ್ಲಿ ಇತ್ತು. ಕಂಪ್ಯೂಟರ್ ದೊಡ್ಡ ಕಡತವನ್ನು ತುಂಡು ಮಾಡಿ, ಜಾಗ ಸಿಕ್ಕಲ್ಲಿ ಇಟ್ಟು, ಯಾವ ತುಂಡು ಎಲ್ಲಿದೆ ಎಂದು ಒಂದು ವಿಳಾಸ ಪಟ್ಟಿ ಬರೆದುಕೊಳ್ಳುತ್ತದೆ. ನಿನ್ನೆ ಸಂಜೆ ಯಾರೋ ಇನ್ನೊಂದು ಕಡತ ಹಾಕಿದ್ದಾರೆ. ಆ ಹೊತ್ತಿಗೆ ಪಟ್ಟಿಯ ಒಂದು ಪುಟ ತಿದ್ದುತ್ತಿದ್ದಾಗ ಭರಣಿ ಕಿತ್ತಿದ್ದಾರೆ. ಪುಟ ಹಾಳಾಗಿದೆ. ತುಂಡುಗಳೆಲ್ಲ ಒಳಗೇ ಇವೆ, ಒಂದೂ ಕಳೆದಿಲ್ಲ. ಯಾವ ತುಂಡು ನಕ್ಷೆಯದು, ಯಾವುದು ಆ ಇನ್ನೊಂದರದು ಎಂಬುದಷ್ಟೇ ಗೊತ್ತಿಲ್ಲ. ಆ ಇನ್ನೊಂದು ಕಡತದ ಮೂಲ ಎಲ್ಲಾದರೂ ಸಿಕ್ಕರೆ ಅದರ ತುಂಡುಗಳನ್ನು ಗುರುತಿಸಿ ಹೊರಗಿಡಬಹುದು. ಉಳಿದದ್ದು ಕಣ್ಣು.

ಮತ್ತೆ ಪಕ್ಕದ ಕೋಣೆಗೆ ಹೋದೆ. ಈ ಸಲ ಬೈಯಬೇಕು ಅಂತಲೇ ಹೋದದ್ದು. ಆದರೆ ಸಾವಂತ್ರೆವ್ವನ ಕೈ ಆ ಖಾಲಿ ಚೀಲದ ದಾರವನ್ನು ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದುದನ್ನು ಕಂಡು ದನಿ ತಾನೇ ಇಳಿಯಿತು.

"ಕೇಳವಾ. ಸರದಿ ಹೋಗತೈತಿ ಅಂತ ಅಂಜಿ ಹೇಳವಲ್ಲಿ, ನನಗ ಗೊತ್ತಾತು. ಸರದಿ ಹೋಗಂಗಿಲ್ಲ, ಅದು ನನಗಿರಲಿ. ಆದ್ರ ನಿನ್ನೆ ಏನ ಹಾಕಿದ್ರಿ ಅಂತ ತಿಳಿಲಿಲ್ಲಂದ್ರ ಕಣ್ಣ ಹೋಗತೈತಿ."

ಆಕೆ ನೆಲ ನೋಡಿದರು. "ನಾ ಏನೂ ಹಾಕಿಲ್ರಿ."

"ಸಾಕ ಬಿಡ," ಎಂದರು ಮಲಗಿದ್ದ ರುದ್ರಪ್ಪ. "ಅಕ್ಕಾರ, ಅಕಿ ನನ್ನ ಸಲುವಾಗಿ ಸುಳ್ಳ ಹೇಳಾಕತ್ತಾಳ. ಕಿತ್ತಾಂವ ನಾನು."

"ಯಾವುದರಿಂದ ಕಿತ್ತಿದ್ರಿ?"

"ಮಗ್ಗದಿಂದ."

ನನಗೆ ಅರೆಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ನೆನಪಾಯಿತು. ಈಗಿನ ಮಗ್ಗಗಳ ತಲೆಯ ಮೇಲೆ ಒಂದು ಕಂಪ್ಯೂಟರ್ ಡಬ್ಬಿ ಇರುತ್ತದೆ. ಸೀರೆಯ ದಡಿಯಲ್ಲಿ, ಅಂದರೆ ಅಂಚಿನಲ್ಲಿ, ಯಾವ ಸಾಲಿಗೆ ಯಾವ ಎಳೆ ಎತ್ತಬೇಕು ಎಂಬ ವಿನ್ಯಾಸ ಅದರಲ್ಲಿರುತ್ತದೆ. ವಿನ್ಯಾಸ ಹಾಕಲು, ತೆಗೆಯಲು ಡ್ರೈವ್ ಸಿಕ್ಕಿಸುವ ಕಿಂಡಿಯೂ ಇರುತ್ತದೆ.

"ಇದು ವಾಪಸ ಹುಬ್ಬಳ್ಳಿಗೆ ಹೋಗತೈತಲ್ರಿ," ಸಾವಂತ್ರೆವ್ವ ಕೊನೆಗೂ ಬಾಯಿ ಬಿಟ್ಟರು. "ಅಲ್ಲಿ ಡಾಕ್ಟರಬಾಯಾರು ಎಷ್ಟ ಮಾಡ್ಯಾರ ಇವರಿಗೆ. ಭರಣಿ ತುಂಬಿ ಕೊಟ್ರು. ನಾವು ಖಾಲಿ ಭರಣಿ ಹೆಂಗ ಕಳಸೂದ್ರಿ? ಪಕ್ಕದ ಮನ್ಯಾಗಿಂದ ಒಂದ ಬಟ್ಟಲ ಪಲ್ಯ ಬಂದ್ರ ಬಟ್ಟಲದಾಗ ಚಿಟಿಕಿ ಸಕ್ಕರಿಯರ ಹಾಕಿ ಕೊಡ್ತೀವಿ. ಅದಕ್ಕ ಇವರು ಮಾಡಿದ್ದ ಹೊಸಾ ದಡಿ ಹಾಕೂಣು, ಬಾಯಾರು ನೋಡ್ತಾರ ಅಂದ್ನಿ."

"ಹಾಕಾಕ ಇಟ್ಟು ಹಾಲ ಉಕ್ಕತೈತಿ ಅಂತ ಒಳಗ ಹೋದ್ಲು," ರುದ್ರಪ್ಪ ಮುಂದುವರಿಸಿದರು. "ದೀಪ ಆರೂತನಕ ಮುಟ್ಟಬ್ಯಾಡ್ರಿ ಅಂದಿದ್ಲು. ನನಗ ದೀಪ ಎಲ್ಲಿ ಕಾಣಬೇಕು? ಆಗಿರತೈತಿ ಅಂತ ತಡವಿ ಕಿತ್ತಿಟ್ಟೆ."

ಇಪ್ಪತ್ತೆರಡು ವರ್ಷದಲ್ಲಿ ಡ್ರೈವ್ ಕೆಡಲು ನೂರು ಕಾರಣ ಕಂಡಿದ್ದೇನೆ. ಧೂಳು, ನೀರು, ಇರುವೆ, ಬೇಯಿಸಿದ ಅನ್ನ. ಉಪಕಾರ ತೀರಿಸಲು ಹೋಗಿ ಕೆಟ್ಟದ್ದು ಇದೇ ಮೊದಲು. ನನಗೆ ಸಿಟ್ಟೂ ಬಂತು, ನಗೂ ಬಂತು. ಯಾವುದಕ್ಕೂ ಪುರುಸೊತ್ತಿರಲಿಲ್ಲ.

"ಮಗ್ಗದಾಗ ಆ ದಡಿ ಇನ್ನೂ ಐತೇನು?"

"ಐತ್ರಿ."

"ಏಳವಾ, ನಡಿ."

ಆಸ್ಪತ್ರೆಯ ಸ್ಕೂಟರಿನ ಹಿಂದೆ ಸಾವಂತ್ರೆವ್ವನನ್ನು ಕೂರಿಸಿಕೊಂಡು ಹೊರಟಾಗ ಹನ್ನೆರಡೂ ಐದು. ನೇಕಾರರ ಓಣಿ ಊರಿನ ಆ ತುದಿಗೆ. ಬಿಸಿಲು ಸುಡುತ್ತಿತ್ತು. ಓಣಿಯ ತುಂಬ ನೂಲಿನ ಹಾಸು ಚಾಚಿ ಗಂಜಿ ಹಚ್ಚುತ್ತಿದ್ದರು, ಗಾಡಿ ಹೋಗಲು ಜಾಗವಿರಲಿಲ್ಲ. ಇಳಿದು ಓಡಿದೆವು. ನನಗೆ ಐವತ್ತೆರಡು, ಆಕೆಗೂ ಹೆಚ್ಚು ಕಮ್ಮಿ ಅಷ್ಟೇ. ನೋಡುವವರಿಗೆ ಒಳ್ಳೆ ತಮಾಷೆಯಾಗಿರಬೇಕು.

ಒಳಗೆ ಅರ್ಧ ಮನೆಯನ್ನು ಮಗ್ಗವೇ ನುಂಗಿತ್ತು. ನೇಯುವವರು ಕಾಲು ಇಳಿಬಿಡುವ ಕುಣಿಯ ಮೇಲೆ ಹಲಗೆ ಮುಚ್ಚಿ, ಅದರ ಮೇಲೆ ಹಾಸಿಗೆ ಸುತ್ತಿಟ್ಟಿದ್ದರು. ವರ್ಷದಿಂದ ಅಲ್ಲಿ ಯಾರೂ ಕೂತಿಲ್ಲ ಎಂದು ಹೇಳಬೇಕಾಗಿರಲಿಲ್ಲ. ಡಬ್ಬಿಯ ಪರದೆಯನ್ನು ಮಾತ್ರ ಚೆನ್ನಾಗಿ ಒರೆಸಿಟ್ಟಿದ್ದರು. ಸಾವಂತ್ರೆವ್ವ ಒಂದೆರಡು ಗುಂಡಿ ಒತ್ತಿ ದಡಿ ತೋರಿಸಿದರು. ಕಡುಗೆಂಪು ಹಿನ್ನೆಲೆಯಲ್ಲಿ ಸಣ್ಣ ಸಣ್ಣ ಹಕ್ಕಿಯ ಸಾಲು, ಹಾರುತ್ತ ಹಾರುತ್ತ ಬರೀ ಚುಕ್ಕಿಯಾಗುವಂಥದ್ದು. ನಾನು ಸೀರೆಯ ಹುಚ್ಚಿನವಳಲ್ಲ, ಆದರೂ ಕೈ ನಿಂತಿತು.

"ಕಣ್ಣ ಹೋಗೂಕ್ಕಿಂತ ಮೊದಲ ಮಾಡಿದ್ದಾ?"

"ಅಲ್ರಿ. ಆಮ್ಯಾಲ. ಅವರು ಇಲ್ಲೇ ಗ್ವಾಡಿಗೆ ಆತು ಕುಂತು ಬಾಯಿಲೆ ಹೇಳೂದು, ಎಡಕ ಎರಡ ಎಳಿ ಬಿಡು, ಮೂರ ಎತ್ತು ಅಂತ. ನಾ ಒತ್ತೂದು. ನಾಕನೂರಾ ಹನ್ನೆರಡ ಸಾಲು. ಐದ ತಿಂಗಳ ಹಿಡೀತು. ನನಗೇನ ಬರತಿತ್ರಿ, ಹುರಿ ಸುತ್ತಾಕ ಅಷ್ಟ ಬರತಿತ್ತು."

ನನ್ನ ಡ್ರೈವ್ ಸಿಕ್ಕಿಸಿದೆ. ಹಳೆಯ ಡಬ್ಬಿ, ಅವಸರವೇ ಗೊತ್ತಿಲ್ಲದ್ದು. ದಡಿ ಇಳಿಯಲು ಆರು ನಿಮಿಷ. ಮುಗಿಯಿತು ಎಂದು ಪರದೆ ಹೇಳಿತು. ದೀಪ ಇನ್ನೂ ಮಿಣುಕುತ್ತಿತ್ತು. ನಾನು ಕೈ ಚಾಚಿದ್ದೆ, ಆ ಗಡಿಬಿಡಿಯಲ್ಲಿ ನಾನೂ ಕೀಳುತ್ತಿದ್ದೆನೋ ಏನೋ, ಸಾವಂತ್ರೆವ್ವ ನನ್ನ ಮುಂಗೈ ಹಿಡಿದರು.

"ದೀಪ ಆರಲಿ ಅಕ್ಕಾರ."

ದೀಪ ಆರಿತು. ಆಮೇಲೆ ಕಿತ್ತೆ.

ಮುದ್ರಣ ಕೋಣೆ ಮುಟ್ಟಿದಾಗ ಒಂದಕ್ಕೆ ಹತ್ತು ನಿಮಿಷ. ಮನಿಯಾರ ಕೋಶದ ಪಾತ್ರೆಯ ಪಕ್ಕದಲ್ಲೇ ನಿಂತಿದ್ದರು, ನಾನು ಹೋದಾಗ ಹೇಗೆ ನಿಂತಿದ್ದರೋ ಹಾಗೇ. ನಾನು ದಡಿಯ ಕಡತವನ್ನು ಭರಣಿಯಲ್ಲಿದ್ದಷ್ಟೇ ಗಾತ್ರದ ತುಂಡುಗಳಾಗಿ ಕತ್ತರಿಸಿದೆ. ನಕಲಿನಲ್ಲಿದ್ದ ಅನಾಥ ತುಂಡುಗಳ ಜೊತೆ ಒಂದೊಂದಾಗಿ ತಾಳೆ ನೋಡಲು ಸಣ್ಣ ಪ್ರೋಗ್ರಾಂ ಬರೆದೆ. ಎರಡು ಸಲ ತಪ್ಪು ಬರೆದೆ. ಮೂರನೆಯ ಸಲ ಓಡಿತು. ಇದು ದಡಿ, ಇದು ದಡಿ, ಇದು ಅಲ್ಲ, ಇದು ದಡಿ. ಹಕ್ಕಿಗಳೆಲ್ಲ ಒಂದು ಕಡೆಗೆ ಹೋದವು. ಉಳಿದ ತುಂಡುಗಳನ್ನು ಇದ್ದ ಕ್ರಮದಲ್ಲೇ ನಕ್ಷೆಯ ಬಾಲಕ್ಕೆ ಜೋಡಿಸಿದೆ.

ಲ್ಯಾಬಿನವರು ಚೀಟಿಯಲ್ಲಿ ಒಂದು ಉದ್ದ ಸಂಖ್ಯೆ ಬರೆದು ಕೊಟ್ಟಿರುತ್ತಾರೆ. ಕಡತದ ಪ್ರತಿ ಅಕ್ಷರವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬರುವ ಸಂಖ್ಯೆ ಅದು. ಒಂದೇ ಒಂದು ಚುಕ್ಕಿ ಬದಲಾದರೂ ಇಡೀ ಸಂಖ್ಯೆ ಬೇರೆ ಬರುತ್ತದೆ. ನಾನು ಜೋಡಿಸಿದ ಕಡತಕ್ಕೆ ಸಂಖ್ಯೆ ತೆಗೆದೆ. ಮನಿಯಾರ ಚೀಟಿ ಹಿಡಿದು ಓದಿದರು, ನಾನು ಪರದೆಯ ಮೇಲೆ ಬೆರಳಿಟ್ಟು ಹೋದೆ. ಅರವತ್ತನಾಲ್ಕು ಅಕ್ಷರ. ಕೊನೆಯ ಅಕ್ಷರ ಓದಿ ಚೀಟಿ ಮೇಜಿನ ಮೇಲಿಟ್ಟರು.

"ಐತಿ," ಎಂದೆ. "ಪೂರಾ ಐತಿ. ಹಚ್ಚರಿ ಯಂತ್ರ."

ಒಂದೂ ಮೂವತ್ತೆಂಟಕ್ಕೆ ಮುದ್ರಣ ಶುರುವಾಯಿತು, ಎರಡಕ್ಕೆ ಒಂದು ನಿಮಿಷ ಇದ್ದಾಗ ಮುಗಿಯಿತು. ಗಾಜಿನ ಬಟ್ಟಲಿನಲ್ಲಿ ನೀರಿನ ಹನಿಯಂಥ, ಅದಕ್ಕಿಂತ ತೆಳ್ಳಗಿನ ಒಂದು ಬಾಗಿದ ಪೊರೆ ಇತ್ತು. ಮನಿಯಾರ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, "ಎಲ್ಲಾ ಜೀವಂತ ಅದಾವು" ಎಂದು ಒಳಗೆ ನಡೆದರು. ನಾನು ಕುರ್ಚಿಯಲ್ಲಿ ಕೂತೆ. ಬೆಳಗಿನಿಂದ ನೀರು ಕುಡಿದಿಲ್ಲ ಎಂಬುದು ಆಗ ನೆನಪಾಯಿತು. ಪೂರ್ತಿ ತಂಬಿಗೆ ಒಂದೇ ಸಮ ಎತ್ತಿ ಕುಡಿದೆ. ಅಷ್ಟು ರುಚಿಯ ನೀರು ನಾನು ಕುಡಿದೇ ಇಲ್ಲ.

ಸಂಜೆ ಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಾಗ ಕಾಳು ಸಿಪ್ಪೆಯ ಕಡೆಗೆ, ಸಿಪ್ಪೆ ಕಾಳಿನ ಕಡೆಗೆ ಬೀಳುತ್ತಿತ್ತು. ಗಂಡ ಏನಾಯಿತು ಅಂತ ಕೇಳಿದರು. ಪೂರ್ತಿ ಹೇಳಿದೆ. ಅವರು, "ಹೌದಲ್ಲ, ಖಾಲಿ ಹೆಂಗ ಕಳಸೂದು" ಎಂದರು. ಇವರಿಗೆ ಹೇಳಿ ಏನು ಪ್ರಯೋಜನ.

ಮರುದಿನ ಗೋಡೆಯ ಕಾಗದ ಹರಿದು ಹೊಸದು ಅಂಟಿಸಿದೆ: ಭರಣಿ ತೆರೆದ ಮೇಲೆಯೇ ಕೋಶ ಬೆಚ್ಚಗೆ ಮಾಡಬೇಕು. ಮೌಂಟ್ ಆಗದಿದ್ದರೆ ಕಾರಣವನ್ನು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹೇಳುವಂತೆ ನಿಯಮ ತಿದ್ದಿದೆ. ವರದಿಯಲ್ಲಿ, ಬರೆಯುತ್ತಿರುವಾಗ ಡ್ರೈವ್ ತೆಗೆದದ್ದರಿಂದ ತೊಂದರೆಯಾಯಿತು, ಸರಿಪಡಿಸಲಾಗಿದೆ ಎಂದು ಬರೆದೆ. ತೆಗೆದವರು ಯಾರು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಭರಣಿಯನ್ನು ಕಾಯ್ದೆಯ ಪ್ರಕಾರ ಅಳಿಸಿ ಹುಬ್ಬಳ್ಳಿಗೆ ಕಳಿಸಿದೆ. ದಡಿಯನ್ನು ಉದ್ದ ಕಾಗದದ ಮೇಲೆ ಎರಡು ಪ್ರತಿ ಮುದ್ರಿಸಿ, ಒಂದನ್ನು ಸುರುಳಿ ಸುತ್ತಿ ಅದರ ಜೊತೆಗಿಟ್ಟೆ.

ಹತ್ತನೆಯ ದಿನ ರುದ್ರಪ್ಪನವರ ಕಟ್ಟು ಬಿಚ್ಚಿದರು. ನನ್ನ ಕೆಲಸ ಅದಲ್ಲ, ಆದರೂ ಇನ್ನೊಂದು ಪ್ರತಿ ಹಿಡಿದುಕೊಂಡು ಹೋಗಿ ಬಾಗಿಲ ಹತ್ತಿರ ನಿಂತೆ. ಮೊದಲು ಕಿಟಕಿ ಕಂಡಿತು. ಆಮೇಲೆ ಮನಿಯಾರರ ಬೆರಳು ಎಣಿಸಿದರು. ಗೋಡೆಯ ಅಕ್ಷರದ ಹಲಗೆಯಲ್ಲಿ ನಾಲ್ಕು ಸಾಲು ಇಳಿದರು. ಡಾಕ್ಟರ ಮುಖ ಅರಳಿತು, ಸಾವಂತ್ರೆವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ನಾನು ಕಾಗದ ಬಿಚ್ಚಿ ಮಂಚದ ಮೇಲೆ ಹಾಸಿದೆ.

"ನಿಮ್ಮ ದಡಿ," ಎಂದೆ.

ರುದ್ರಪ್ಪ ತಾವು ಬಾಯಲ್ಲಿ ಹೇಳಿ ಮಾಡಿಸಿದ್ದನ್ನು ಮೊದಲ ಸಲ ನೋಡುತ್ತಿದ್ದರು. ಹತ್ತಿರ ತಂದರು, ದೂರ ಹಿಡಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳು ಸರಿಸುತ್ತ ಹೋದರು. ಬೆರಳು ಒಂದು ಕಡೆ ನಿಂತಿತು. ಹಿಂದೆ ಹೋಗಿ ಮತ್ತೆ ಅಲ್ಲಿಗೇ ಬಂತು.

"ಇಲ್ಲಿ ಎಳಿ ಸರದೈತಿ," ಎಂದರು.

ನಾನು ಮನಿಯಾರರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಇಬ್ಬರಿಗೂ ಬಂದ ಯೋಚನೆ ಒಂದೇ. ಪೊರೆಯ ಬಾಗು ಎಲ್ಲೋ ತಪ್ಪಿದರೆ ನೆಟ್ಟಗಿದ್ದದ್ದು ಸರಿದ ಹಾಗೆ ಕಾಣುತ್ತದೆ. ಅರವತ್ತನಾಲ್ಕು ಅಕ್ಷರ ತಾಳೆಯಾಗಿತ್ತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮನಿಯಾರ ಜೇಬಿನಿಂದ ಅಳತೆಪಟ್ಟಿ ತೆಗೆದು ಅವರ ಕಣ್ಣ ಮುಂದೆ ಹಿಡಿದರು.

"ಇದರ ಅಂಚ ಸೊಟ್ಟ ಕಾಣತೈತೇನ್ರಿ?"

"ಇಲ್ರಿ, ನೆಟ್ಟಗ ಐತಿ. ದಡಿಯಾಗ ಎಳಿ ಸರದೈತಿ. ಈ ಹಕ್ಕಿ ರೆಕ್ಕಿ ನೋಡ್ರಿ, ಒಂದ ಎಳಿ ಎಡಕ ಹೋಗೇತಿ."

ಕನ್ನಡಕ ಏರಿಸಿ ಕಾಗದಕ್ಕೆ ಬಗ್ಗಿದೆ. ನನಗೆ ಎಲ್ಲ ಹಕ್ಕಿಯೂ ಒಂದೇ ಥರ ಕಂಡವು. ಚುಕ್ಕಿ ಎಣಿಸಿದೆ. ಪಕ್ಕದ ಹಕ್ಕಿಯ ಚುಕ್ಕಿ ಎಣಿಸಿದೆ. ಅವರು ಹೇಳಿದ ಜಾಗದಲ್ಲಿ, ಸಾಸಿವೆಗಿಂತ ಸಣ್ಣ ಒಂದೇ ಒಂದು ಚುಕ್ಕಿ, ನಿಜವಾಗಿಯೂ ಒಂದು ಮನೆ ಎಡಕ್ಕಿತ್ತು.

ಮನಿಯಾರ ಸ್ಟೂಲಿನ ಮೇಲೆ ದೊಪ್ಪನೆ ಕೂತು ಎರಡೂ ಕೈಯಲ್ಲಿ ಮುಖ ಒರೆಸಿಕೊಂಡರು. ಅಕ್ಷರದ ಹಲಗೆಯಲ್ಲಿ ಇಷ್ಟು ಸಣ್ಣ ಸಾಲೇ ಇಲ್ಲ ಎಂದು ಆಮೇಲೆ ನನಗೆ ಹೇಳಿದರು.

"ಅಕ್ಕಾರ, ನಿಮ್ಮ ಯಂತ್ರದ್ದೇನೂ ತಪ್ಪಿಲ್ರಿ," ಎಂದರು ಸಾವಂತ್ರೆವ್ವ. ಆಮೇಲೆ ಗಂಡನ ಕಡೆ ತಿರುಗಿದರು. "ಅದು ನಾ ಒತ್ತಿದ್ದು. ಒಂದಿನ ತಪ್ಪಿ ಒತ್ತಿಬಿಟ್ಟಿದ್ನಿ, ಮರುದಿನ ಗೊತ್ತಾತು. ನಿಮಗ ಇನ್ನ ಯಾವತ್ತೂ ಕಾಣಂಗಿಲ್ಲ ಅಂತ ಹೇಳದ ಸುಮ್ಮನಾದ್ನಿ."

ರುದ್ರಪ್ಪ ಕಾಗದದಿಂದ ಕಣ್ಣೆತ್ತಿ ಹೆಂಡತಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಕಾಣತೈತಿ," ಎಂದರು. "ನಡಿ, ಮನಿಗೆ ಹೋಗಿ ತಿದ್ದೂಣು."